ಒಂದು ಕಾಲಾಳು ಕೊಟ್ಟು ನಡುಮಣೆ ಹಿಡಿಯುವ ಆಟ



ನಮ್ಮ ಮಕ್ಕಳಿಗೆ ಚದುರಂಗ ಹೇಳಿಕೊಡುವಾಗ ನಾನು ‘ಕಿಂಗ್ಸ್ ಗ್ಯಾಂಬಿಟ್’ ತಪ್ಪದೆ ತೋರಿಸುತ್ತೇನೆ. ಮೊದಲು ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾರೆ. ಎರಡನೆಯ ನಡೆಯಲ್ಲೇ ಬಿಳಿಯವರು ಪಕ್ಕದ ಕಾಲಾಳನ್ನು ಎಫ್-4ಕ್ಕೆ ತಂದು, “ತಗೋ” ಎಂದು ಒಡ್ಡುತ್ತಾರೆ.

ಯಾಕೆ? ಅದನ್ನು ಹೊಡೆದರೆ ಕಪ್ಪು ಕಾಲಾಳು ನಡುಮಣೆ ಬಿಟ್ಟು ಬದಿಗೆ ಸರಿಯುತ್ತದೆ. ಆಗ ಬಿಳಿಯವರು ಡಿ-4ಕ್ಕೆ ಇನ್ನೊಂದು ಕಾಲಾಳು ತಂದು ಮಧ್ಯವನ್ನು ಹಿಡಿಯಬಹುದು. ಮಧ್ಯದ ಕುದುರೆಗೆ ಎಂಟು ಮನೆಗಳ ದಾರಿ, ಮೂಲೆಯ ಕುದುರೆಗೆ ಎರಡೇ. ಜಗಳವೆಲ್ಲ ಅದಕ್ಕೇ.

ಆದರೆ ಇದು ಪುಕ್ಕಟೆಯಲ್ಲ. ರಾಜನ ಪಕ್ಕದ ಬಾಗಿಲು ತೆರೆದುಬಿಡುತ್ತದೆ. ಕಪ್ಪು ರಾಣಿ ಎಚ್-4ಕ್ಕೆ ಬಂದು ಚೆಕ್ ಕೊಡಬಹುದು. 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಅವರಿಗೆ ಕೀಸೆರಿಟ್ಸ್ಕಿ ಹಾಗೇ ಚೆಕ್ ಕೊಟ್ಟರು. ಆಂಡರ್ಸನ್ ಎರಡೂ ಆನೆ, ಒಂದು ಒಂಟೆ, ಕೊನೆಗೆ ರಾಣಿಯನ್ನೂ ಬಿಟ್ಟುಕೊಟ್ಟು, ಉಳಿದ ಒಂಟೆ ಮತ್ತು ಎರಡು ಕುದುರೆಗಳಿಂದ ರಾಜನನ್ನು ಕಟ್ಟಿಹಾಕಿದರು. ಅದನ್ನು ಇಂದಿಗೂ ‘ಅಮರ ಆಟ’ ಎನ್ನುತ್ತಾರೆ.

ಬಿಟ್ಟುಕೊಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. “ಬದಲಿಗೆ ಏನು ಸಿಗುತ್ತದೆ?” ಎಂದು ಕೇಳುವುದನ್ನು ಕಲಿಯಬೇಕು. ಹತ್ತನೇ ತರಗತಿ ಬಂತೆಂದು ಮಗಳ ಆಟ ನಿಲ್ಲಿಸಿ, ಮಗನ ಆಟ ಮುಂದುವರಿಸುವ ಮನೆಗಳನ್ನು ಕಂಡಿದ್ದೇನೆ. ಅದು ಗ್ಯಾಂಬಿಟ್ ಅಲ್ಲ, ಬರೀ ನಷ್ಟ.

ಈ ಭಾನುವಾರ ಮಗಳ ಎದುರು ಮಣೆ ಹರಡಿ. ಎಫ್-4 ಆಡಿ ನೋಡಿ. ಅವಳು ಹೊಡೆಯುತ್ತಾಳೋ, ಯೋಚಿಸುತ್ತಾಳೋ, ಕಾದು ನೋಡಿ.