ಮಂದವಾದದ್ದೆಲ್ಲ ಒಂದೇ ಅಲ್ಲ

ಜೇನು, ಗೋಡೆಗೆ ಬಳಿಯುವ ಬಣ್ಣ ಎರಡೂ ಮಂದ. ಆದರೆ ಅವುಗಳ ಸ್ವಭಾವ ಬೇರೆ ಬೇರೆ.

ಕಲಕುವ ವೇಗ ಇಮ್ಮಡಿಯಾದಾಗ ದ್ರವ ಒಡ್ಡುವ ತಡೆಯೂ ಇಮ್ಮಡಿಯಾದರೆ ಅದು ನ್ಯೂಟನ್ ದ್ರವ. ನೀರು, ಅಡುಗೆ ಎಣ್ಣೆ ಹಾಗೆಯೇ. ಸಾಮಾನ್ಯವಾಗಿ ಜೇನೂ ಅಷ್ಟೇ. ಬಣ್ಣ ಈ ಲೆಕ್ಕಕ್ಕೆ ಸಿಗದು. ಬ್ರಷ್ ಎಳೆದಾಗ ತೆಳುವಾಗುತ್ತದೆ, ಬಿಟ್ಟರೆ ಮತ್ತೆ ಮಂದವಾಗಿ ಗೋಡೆ ಹಿಡಿಯುತ್ತದೆ. ನೀರಲ್ಲಿ ದಪ್ಪಗೆ ಕಲಸಿದ ಕಾರ್ನ್‌ಫ್ಲೋರ್ ತದ್ವಿರುದ್ಧ: ಮೆಲ್ಲಗೆ ಬೆರಳಿಟ್ಟರೆ ಒಳಗಿಳಿಯುತ್ತದೆ, ಗುದ್ದಿದರೆ ಗಟ್ಟಿ! ಟೂತ್‌ಪೇಸ್ಟ್ ಅಂತೂ ಸಾಕಷ್ಟು ಒತ್ತುವ ತನಕ ಜರುಗುವುದೇ ಇಲ್ಲ.

ನಮ್ಮ ರಕ್ತವೂ ಬಣ್ಣದ ಗುಂಪಿನದೇ. ನಿಧಾನವಾಗಿ ಹರಿಯುವಾಗ ಕೆಂಪುಕಣಗಳು ಒಂದಕ್ಕೊಂದು ಅಂಟಿಕೊಂಡು ರಕ್ತ ಮಂದವಾಗುತ್ತದೆ. ವೇಗ ಹೆಚ್ಚಿದರೆ ಕಣಗಳು ಬಿಡಿಬಿಡಿಯಾಗಿ ತೆಳುವಾಗುತ್ತದೆ.

ಇಂಥ ದ್ರವಗಳ ಅಧ್ಯಯನದಲ್ಲಿ ನಮ್ಮ ಪುಣೆಗೂ ಹೆಸರಿದೆ. 1950ರಲ್ಲಿ ಉದ್ಘಾಟನೆಯಾದ ಇಲ್ಲಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ 1976ರಲ್ಲಿ ಸೇರಿದ ಡಾ. ರಘುನಾಥ ಮಾಶೇಲ್ಕರ್ ಪಾಲಿಮರ್ ದ್ರಾವಣಗಳ ಹರಿವನ್ನು ಅಭ್ಯಸಿಸಿದವರು.

ಕಾರ್ಖಾನೆಯಲ್ಲಿ ಇಂಥ ದ್ರವವನ್ನು ಒಂದೇ ವೇಗದಲ್ಲಿ ಅಳೆದು ಪಂಪ್ ಕೊಂಡರೆ ಲೆಕ್ಕ ತಪ್ಪಬಹುದು. ನೋಟಕ್ಕೆ ಮರುಳಾಗದೆ, ವೇಗ ಬದಲಿಸಿ ಬದಲಿಸಿ ಅಳೆಯಬೇಕು. ನಿಮ್ಮ ಅಡುಗೆಮನೆಯಲ್ಲೇ ಕಾರ್ನ್‌ಫ್ಲೋರ್ ಕಲಸಿ ನೋಡಿ.