ಹೊಲದ ನಾಯಿ, ಕೊಟ್ಟಿಗೆಯ ಬೆಕ್ಕು ಮತ್ತು ಗಡಿಯ ಹೊಣೆ



ಬೀದಿನಾಯಿಗಳ ಬಗ್ಗೆ ಈಚೆಗೆ ದೇಶದಲ್ಲಿ ನಡೆದ ಚರ್ಚೆಯೆಲ್ಲ ನಗರದ ಚರ್ಚೆ. 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶಗಳು ಬಂದದ್ದು ದೆಹಲಿಯ ಬೀದಿಗಳನ್ನು ಮುಂದಿಟ್ಟುಕೊಂಡು. ನವೆಂಬರ್‌ನ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಕುರಿತದ್ದು. ಹೊಲದ ಮನೆ, ಆಡಿನ ದೊಡ್ಡಿ, ದನದ ಕೊಟ್ಟಿಗೆ ಅಲ್ಲಿ ಕಾಣಿಸಲಿಲ್ಲ. ಆದರೆ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳಿಂದ ಕರ್ನಾಟಕದ ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದಗಳವರೆಗಿನ, ಉಸ್ಮಾನಾಬಾದಿ ಆಡು ಮತ್ತು ದೇವಣಿ ದನಕ್ಕೆ ತವರಾದ ಈ ಗಡಿಸೀಮೆಯಲ್ಲಿ ನಾಯಿ-ಬೆಕ್ಕುಗಳ ಪ್ರಶ್ನೆ ಮೊದಲು ಮುಟ್ಟುವುದು ಹೊಲವನ್ನೇ. ರಾತ್ರಿ ದೊಡ್ಡಿಗೆ ನುಗ್ಗುವ ಹಿಂಡು, ಒಕ್ಕಲು ಮುಗಿದ ಕಣದಲ್ಲಿ ಮರಿ ಹಾಕುವ ಬೆಕ್ಕು, ಯಾರದೂ ಅಲ್ಲದ, ಆದರೆ ಎಲ್ಲರ ಮನೆಯ ರೊಟ್ಟಿ ತಿನ್ನುವ ನಾಯಿ: ಇವುಗಳಿಗೆ ನಾವು ಕಂಡುಕೊಂಡ ಪರಿಹಾರ ಬಹುಕಾಲದಿಂದ ಎರಡೇ. ಬಡಿಗೆ ಅಥವಾ ವಿಷ ಒಂದು, ಗೋಣಿಚೀಲದಲ್ಲಿ ತುಂಬಿ ಮಾಂಜ್ರಾ ನದಿಯ ಆಚೆ ಬಿಟ್ಟುಬರುವುದು ಇನ್ನೊಂದು. ಎರಡೂ ಕ್ರೂರವಾದವು. ಅದಕ್ಕಿಂತ ಮುಖ್ಯವಾಗಿ, ಎರಡೂ ನಿಷ್ಫಲವಾದವು. ಒಂದು ಊರಿನ ಸೀಮೆಯಲ್ಲಿ ಎಷ್ಟು ನಾಯಿ-ಬೆಕ್ಕು ಬದುಕುತ್ತವೆ ಎಂಬುದನ್ನು ನಾವು ಬಯಲಿಗೆ ಬಿಡುವ ಆಹಾರವೂ ನಾವು ಅರ್ಧಕ್ಕೆ ಬಿಟ್ಟ ಒಡೆತನವೂ ನಿರ್ಧರಿಸುತ್ತವೆ. ಆದ್ದರಿಂದ ಕೆಲಸ ಸತ್ತ ದನದ ಗುಂಡಿಯಿಂದಲೂ ಲಸಿಕೆಯ ಸೂಜಿಯಿಂದಲೂ ಶುರುವಾಗಬೇಕು, ಗಡಿಯ ಎರಡೂ ಕಡೆ ಒಟ್ಟಿಗೇ ಶುರುವಾಗಬೇಕು. ಈ ಸಂಕಿರಣದ ಮುಂದೆ ನಾನು ಇಡುವ ವಾದ ಇಷ್ಟು.

ಗುಂಡಿಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮೂವತ್ತೈದು-ನಲವತ್ತು ವರ್ಷಗಳ ಹಿಂದೆ ಈ ಬಯಲಿನಲ್ಲಿ ಸತ್ತ ದನವನ್ನು ಊರಾಚೆ ಹಾಕಿದರೆ ರಣಹದ್ದುಗಳು ಕೆಲವೇ ಗಂಟೆಗಳಲ್ಲಿ ಮೂಳೆ ಉಳಿಸುತ್ತಿದ್ದವು. ದನಗಳ ಜ್ವರ-ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಕಳೇಬರದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸುತ್ತದೆ ಎಂಬುದು 2004ರಲ್ಲಿ ಸಾಬೀತಾಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು: 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು ಅಳಿದುಹೋಯಿತು. ಹದ್ದು ಬಿಟ್ಟ ಊಟವನ್ನು ನಾಯಿ ತಿಂದಿತು. 2008ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 1992-2006ರ ಅವಧಿಯಲ್ಲಿ ದೇಶದ ನಾಯಿಗಳ ಸಂಖ್ಯೆ ಈ ಕಾರಣದಿಂದಲೇ ಸುಮಾರು 55 ಲಕ್ಷ ಹೆಚ್ಚಿತು, ರೇಬಿಸ್‌ನಿಂದ 47 ಸಾವಿರಕ್ಕೂ ಮೀರಿ ಹೆಚ್ಚುವರಿ ಸಾವುಗಳಾದವು. ರಣಹದ್ದು ಇಲ್ಲವಾದದ್ದರಿಂದ 2000-2005ರ ನಡುವೆ ಸುಮಾರು ಐದು ಲಕ್ಷ ಜನ ಸತ್ತರೆಂದು 2024ರ ಮತ್ತೊಂದು ಅಧ್ಯಯನ ಲೆಕ್ಕ ಹಾಕಿದೆ. ಇದರ ಜೊತೆಗೆ ಹೇಳಲೇಬೇಕಾದ ಇನ್ನೊಂದು ಸತ್ಯವಿದೆ. ಸತ್ತ ದನ ಎಳೆಯುವ, ಚರ್ಮ ಸುಲಿಯುವ ಕೆಲಸವನ್ನು ಊರು ಕೆಲವು ಜಾತಿಗಳ ಹೆಗಲಿಗೆ ಕಟ್ಟಿತ್ತು. ಅಂಬೇಡ್ಕರ್ ಅವರ ಕರೆಯ ನಂತರ ಮರಾಠವಾಡದ ದಲಿತರು ಆ ಕೆಲಸವನ್ನು ನಿರಾಕರಿಸಿದ್ದು ನ್ಯಾಯವೇ. ಆಗ ಊರು ಆ ಕೆಲಸವನ್ನು ಪಂಚಾಯಿತಿಯ ಸಾರ್ವಜನಿಕ ಕೆಲಸವಾಗಿ, ಯಂತ್ರ ಮತ್ತು ಸಂಬಳದೊಂದಿಗೆ, ತನ್ನ ಮೇಲೆ ಹೊತ್ತುಕೊಳ್ಳಬೇಕಿತ್ತು. ಹೊತ್ತುಕೊಳ್ಳಲಿಲ್ಲ. ಕಳೇಬರ ಹಳ್ಳದ ದಂಡೆಗೆ ಹೋಯಿತು, ಕೋಳಿಫಾರ್ಮಿನ ಸತ್ತ ಕೋಳಿ ರಸ್ತೆಬದಿಗೆ ಬಂತು, ಮಾಂಸದಂಗಡಿಯ ಕರುಳು ನಾಲೆಗೆ ಬಿತ್ತು. ಹಿಂಡು ಕಟ್ಟಿ ಬೇಟೆಯಾಡುವ ನಾಯಿ ಬೆಳೆದದ್ದು ಇವುಗಳ ಮೇಲೆಯೇ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸತ್ತ ದನವನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕೆಂದು ಎರಡೂ ರಾಜ್ಯಗಳಲ್ಲಿ ಸೂಚನೆ ಬಂತು. ರೋಗದ ಭಯವಿದ್ದಾಗ ಕಡ್ಡಾಯವಾದದ್ದು ಎಲ್ಲ ಕಾಲಕ್ಕೂ ಏಕೆ ಕಡ್ಡಾಯವಾಗಬಾರದು?

ನಾಯಿಯ ಸಂತಾನದ ಲೆಕ್ಕವೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಲ್ಲದು, ಸುಮಾರು ಎರಡು ತಿಂಗಳು ಗರ್ಭ ಹೊತ್ತು ಐದಾರು ಮರಿ ಹಾಕುತ್ತದೆ. ಆದರೆ ಪಶ್ಚಿಮ ಬಂಗಾಳದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀದಿನಾಯಿಯ ನೂರು ಮರಿಗಳಲ್ಲಿ 81 ಪ್ರಾಯಕ್ಕೆ ಬರುವ ಮೊದಲೇ ಸತ್ತವು. ಅಂದರೆ ಹುಟ್ಟುವ ಮರಿಗೆ ಕೊರತೆಯಿಲ್ಲ, ಉಳಿಯುವ ಮರಿಗೆ ಜಾಗ ಮತ್ತು ಕೂಳಿನ ಮಿತಿ ಇದೆ. ಊರಿನ ಹತ್ತು ನಾಯಿಗಳನ್ನು ಹೊಡೆದರೆ ಆ ಹತ್ತರ ಪಾಲಿನ ಕೂಳು ಹಾಗೇ ಉಳಿಯುತ್ತದೆ. ಸಾಯಬೇಕಿದ್ದ ಮರಿಗಳು ಬದುಕುತ್ತವೆ, ಪಕ್ಕದ ಊರಿನ ನಾಯಿಗಳು ಬರುತ್ತವೆ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪಕ್ಕೆ 1990ರ ದಶಕದ ಕೊನೆಯಲ್ಲಿ ರೇಬಿಸ್ ಹೊಕ್ಕಾಗ ಅಲ್ಲಿನ ಸುಮಾರು ಅರ್ಧದಷ್ಟು ನಾಯಿಗಳನ್ನು ಕೊಂದರು. ಸುತ್ತ ಸಮುದ್ರವಿರುವ ದ್ವೀಪದಲ್ಲೂ ರೋಗ ನಿಲ್ಲಲಿಲ್ಲ. ಉಮರ್ಗಾಕ್ಕೂ ಆಳಂದಕ್ಕೂ ನಡುವೆ ಸಮುದ್ರವಿಲ್ಲ. ಲಸಿಕೆ ಹಾಕಿಸಿಕೊಂಡ ನಾಯಿಯನ್ನು ಕೊಂದಾಗಲಂತೂ ಊರು ತನ್ನ ರಕ್ಷಣೆಯನ್ನೇ ಕೊಂದುಕೊಳ್ಳುತ್ತದೆ, ಏಕೆಂದರೆ ಅದರ ಜಾಗಕ್ಕೆ ಬರುವ ನಾಯಿಗೆ ಲಸಿಕೆ ಆಗಿರುವುದಿಲ್ಲ. ಕೀಟನಾಶಕ ಬೆರೆಸಿದ ಮಾಂಸವನ್ನು ಬಯಲಿಗೆ ಎಸೆದರೆ ಅದನ್ನು ತೋಳವೂ ತಿನ್ನುತ್ತದೆ, ನರಿಯೂ ತಿನ್ನುತ್ತದೆ.

ಬೆಕ್ಕಿನ ವಿಷಯ ಕೊಂಚ ಬೇರೆ. ಅದರ ಬಗ್ಗೆ ನಮ್ಮಲ್ಲಿ ಯೋಚನೆಯೇ ಕಡಿಮೆಯಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮನೆ ತೊರೆದ ಬೆಕ್ಕು ಕೋಳಿಮರಿ ಹಿಡಿಯುತ್ತದೆ, ಹುಲ್ಲಿನ ಬಣವೆಯಲ್ಲೋ ಹಿಂಡಿಯ ಚೀಲದ ಮೇಲೋ ಮಲ ಹಾಕುತ್ತದೆ. ಆ ಮಲದಲ್ಲಿರುವ ಟಾಕ್ಸೋಪ್ಲಾಸ್ಮಾ ಪರಾವಲಂಬಿ ಮೇವಿನ ಮೂಲಕ ಗಬ್ಬದ ಆಡಿನ ಹೊಟ್ಟೆ ಸೇರಿದರೆ ಆಡು ಕಂದು ಹಾಕಬಹುದು. ಹಾಗೆಂದು ಬೆಕ್ಕನ್ನೆಲ್ಲ ಓಡಿಸಿದರೆ ಇಲಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ರೈತನ ಪ್ರಶ್ನೆ ಸರಿಯಾದದ್ದು. ಇದಕ್ಕೆ ನಮ್ಮ ನೆರೆಯಲ್ಲೇ ಒಂದು ಘೋರ ಪಾಠವಿದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಬೀಡ ಜಿಲ್ಲೆಯ ಮಾಮ್ಲಾದಂಥ ಹಳ್ಳಿಗಳಲ್ಲಿ ಜನ ಕಲ್ಲು-ಮಣ್ಣಿನ ಮನೆಗಳಿಗೆ ಹೆದರಿ ಹೊರಗೆ ಉಳಿದರು, ಧಾನ್ಯ ಒಳಗೆ ಉಳಿಯಿತು. ಆ ಕಾಳಿನ ಮೇಲೆ ಇಲಿಗಳು ಹೆಚ್ಚಿದವು ಎಂಬುದು ಆಗಿನ ತಜ್ಞರ ವಿವರಣೆ. 1994ರ ಆಗಸ್ಟ್‌ನಲ್ಲಿ ಮಾಮ್ಲಾದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಇಲಿಯ ಸಂಖ್ಯೆಯನ್ನು ತೀರ್ಮಾನಿಸಿದ್ದು ಕಾಯುವವರಿಲ್ಲದೆ ಬಿದ್ದ ಕಾಳು. ಕಾಳು ಭದ್ರವಾದ ತಗಡಿನ ಕಣಜದಲ್ಲಿದ್ದರೆ ಇಲಿಯೂ ಕಡಿಮೆ, ಇಲಿಯನ್ನು ನಂಬಿ ಬರುವ ಬೆಕ್ಕೂ ಕಡಿಮೆ. ಉಳಿದ ಒಂದೆರಡು ಬೆಕ್ಕುಗಳಿಗೆ ಸಂತಾನಹರಣ ಮತ್ತು ಲಸಿಕೆ ಮಾಡಿಸಿ ಮನೆಯದೆಂದೇ ಇಟ್ಟುಕೊಳ್ಳಬಹುದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ನಾಯಿಯ ಜೊತೆ ಬೆಕ್ಕನ್ನೂ ಒಳಗೊಂಡಿವೆ. ಇನ್ನೊಂದು ಎಚ್ಚರಿಕೆ: ಕಬ್ಬಿನ ಗದ್ದೆಯಲ್ಲಿ ಕಾಣುವ ಉದ್ದ ಕಾಲಿನ, ಮೈಮೇಲೆ ಹೆಚ್ಚು ಪಟ್ಟೆಯಿಲ್ಲದ, ಗಿಡ್ಡ ಬಾಲದ ತುದಿಯಲ್ಲಿ ಕಪ್ಪು ಬಳೆಗಳಿರುವ ಪ್ರಾಣಿ ಯಾರ ಮನೆಯಿಂದಲೂ ತಪ್ಪಿಸಿಕೊಂಡು ಬಂದದ್ದಲ್ಲ. ಅದು ಕಾಡುಬೆಕ್ಕು, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ, ಹೊಲದ ಇಲಿ ತಿಂದು ಬದುಕುವ ಜೀವಿ. ಅದನ್ನು ಬಲೆಗೆ ಹಾಕುವುದು ಅಪರಾಧ, ಹೊಲಕ್ಕೂ ನಷ್ಟ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಆಡು ಕಳೆದುಕೊಂಡವರದು. ಒಂದೇ ರಾತ್ರಿ ದೊಡ್ಡಿಯ ಆರು ಆಡು ಹೋದ ಕೂಲಿಕಾರ ಹೆಂಗಸಿಗೆ, ಗುಂಡಿ ತೋಡಿ, ಲಸಿಕೆ ಹಾಕಿ, ಐದು ವರ್ಷ ಕಾಯಿರಿ ಎಂದು ಹೇಳುವುದು ಅನ್ಯಾಯ. ಅವಳಿಗೆ ಇಂದೇ ಬೇಕಾದದ್ದು ಎರಡು. ಒಂದು, ತಂತಿಜಾಲಿಯ ಎತ್ತರದ, ಬುಡ ನೆಲದೊಳಗೆ ಹೂತ ರಾತ್ರಿದೊಡ್ಡಿ. ಇಂಥ ಭದ್ರ ದೊಡ್ಡಿಗೆ ಸರಕಾರ ಅನುದಾನ ಕೊಡಬೇಕು. ಎರಡು, ಪರಿಹಾರ. ಅರಣ್ಯ ಇಲಾಖೆ ಪರಿಹಾರ ಕೊಡುವುದು ಕಾಡುಪ್ರಾಣಿ ಕೊಂದಾಗ ಮಾತ್ರ. ಹೀಗಾಗಿ ನಾಯಿ ಕೊಂದ ಆಡು ಕಾಗದದ ಮೇಲೆ ತೋಳ ಕೊಂದ ಆಡಾಗುವ ಆಮಿಷ ಹುಟ್ಟುತ್ತದೆ, ಮಾಡದ ತಪ್ಪಿಗೆ ತೋಳ ದ್ವೇಷ ಹೊರುತ್ತದೆ. ಪುಣೆಯ ಹತ್ತಿರದ ಹುಲ್ಲುಗಾವಲಿನಲ್ಲಿ ತೋಳ-ನಾಯಿ ಮಿಶ್ರತಳಿ ಇರುವುದು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತವಾಯಿತು. ನಾಯಿಯ ಒತ್ತಡ ಈಗಾಗಲೇ ತೋಳದ ರಕ್ತದವರೆಗೆ ಮುಟ್ಟಿದೆ. ನಾಯಿದಾಳಿಗೂ ಪಶುವೈದ್ಯರ ಪಂಚನಾಮೆಯ ಮೇಲೆ ಪರಿಹಾರ ಸಿಗಬೇಕೆಂದು ಈ ಸಂಕಿರಣ ಎರಡೂ ಸರಕಾರಗಳನ್ನು ಕೇಳಬೇಕು. ಹುಚ್ಚು ಹಿಡಿದ ಅಥವಾ ಮೇಲೆ ಬೀಳುವ ನಾಯಿಯನ್ನು ಊರಲ್ಲಿ ಉಳಿಸಿಕೊಳ್ಳಲೇಬೇಕೆಂದು ಕಾನೂನು ಹೇಳುವುದಿಲ್ಲ. ಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದ 2025ರ ಆಗಸ್ಟ್ 22ರ ಆದೇಶ ಅಂಥವನ್ನು ಹೊರಗಿಟ್ಟಿದೆ. ಅವುಗಳನ್ನು ಬೇರೆ ಇಡುವ ಜಾಗ ತಾಲ್ಲೂಕಿಗೆ ಒಂದಾದರೂ ಇರಬೇಕು.

ಎರಡನೆಯ ಆಕ್ಷೇಪ ಭಕ್ತಿಯ ಕಡೆಯದು. ಅಣದೂರು-ನಳದುರ್ಗದ ಖಂಡೋಬನಿಗೂ ಭಾಲ್ಕಿ ಸೀಮೆಯ ಖಾನಾಪುರದ ಮೈಲಾರಲಿಂಗನಿಗೂ ನಾಯಿ ಜೊತೆಗಾರ, ಗಾಣಗಾಪುರದ ದತ್ತನ ಕಾಲಬಳಿಯೂ ನಾಯಿಗಳಿವೆ. ನಾಯಿಗೆ ಅನ್ನವಿಕ್ಕುವುದು ಇಲ್ಲಿ ಪುಣ್ಯ. ಅದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳಬೇಕಾಗಿಲ್ಲ. ಕೇಳಿಕೊಳ್ಳುವುದು ಇಷ್ಟೇ: ರೊಟ್ಟಿ ಹಾಕುವ ಕೈ ವರ್ಷಕ್ಕೊಮ್ಮೆ ಅದೇ ನಾಯಿಯನ್ನು ಲಸಿಕೆಗೆ ಹಿಡಿದು ಕೊಡಲಿ. 2019ರ ಜಾನುವಾರು ಗಣತಿ ಮಹಾರಾಷ್ಟ್ರದಲ್ಲಿ 12.76 ಲಕ್ಷ, ಕರ್ನಾಟಕದಲ್ಲಿ 11.41 ಲಕ್ಷ ಬೀದಿನಾಯಿಗಳನ್ನು ಎಣಿಸಿತು. ಆದರೆ ಹಳ್ಳಿಯ ಹೆಚ್ಚಿನ ನಾಯಿಗಳು ಪೂರ್ತಿ ಅನಾಥವೂ ಅಲ್ಲ, ಪೂರ್ತಿ ಸಾಕಿದವೂ ಅಲ್ಲ. ಹೊಲ ಕಾಯುವಾಗ ನಮ್ಮವು, ಕಚ್ಚಿದಾಗ ಯಾರವೂ ಅಲ್ಲ. ನಾಯಿ ಸಾಕುವ ಜಾಣ್ಮೆ ಈ ಸೀಮೆಗೆ ಹೊಸದಲ್ಲ. ಲಾತೂರ ಸೀಮೆಯಲ್ಲಿ ಕಾರವಾನ್ ಮತ್ತು ಪಶ್ಮಿ ತಳಿಗಳನ್ನು ಕಾಪಾಡಿಕೊಂಡು ಬಂದ ಮನೆಗಳಿವೆ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಮುಧೋಳದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವನ್ನೇ ನಡೆಸುತ್ತಿದೆ. ತಳಿನಾಯಿಗೆ ತೋರಿಸುವ ಕಾಳಜಿಯ ಒಂದು ಪಾಲು ಸಾಧಾರಣ ಹೊಲದ ನಾಯಿಗೂ ಸಿಗಬೇಕು. ಅದಕ್ಕೆ ಜಂತುಹುಳುವಿನ ಔಷಧ ಕೊಟ್ಟರೆ, ಕೊಯ್ದ ಕುರಿಯ ತಲೆ-ಕರುಳನ್ನು ಹಸಿಯಾಗಿ ಹಾಕುವುದನ್ನು ಬಿಟ್ಟರೆ, ಕುರಿಗಳ ತಲೆ ತಿರುಗುವ ರೋಗವೂ ಮನುಷ್ಯರ ಯಕೃತ್ತಿನಲ್ಲಿ ಬೆಳೆಯುವ ಹೈಡಾಟಿಡ್ ಗಡ್ಡೆಯೂ ಕಡಿಮೆಯಾಗುತ್ತವೆ.

ಮೂರನೆಯದು ಹಣ ಮತ್ತು ಕೈಗಳ ಪ್ರಶ್ನೆ. ಸಂತಾನಹರಣಕ್ಕೆ ಶಸ್ತ್ರಚಿಕಿತ್ಸಾ ಕೊಠಡಿ, ತರಬೇತಿ ಪಡೆದ ವೈದ್ಯರು, ಹಿಡಿಯುವವರು, ಕೆಲವು ದಿನ ಇಟ್ಟುಕೊಳ್ಳುವ ಗೂಡುಗಳು ಬೇಕು. ಹೊಣೆ ಸ್ಥಳೀಯ ಸಂಸ್ಥೆಯದೆಂದು ನಿಯಮ ಹೇಳುತ್ತದೆ, ಗ್ರಾಮ ಪಂಚಾಯಿತಿಯ ಬಳಿ ಇದರಲ್ಲಿ ಯಾವುದೂ ಇಲ್ಲ. ಆಕ್ಷೇಪ ನಿಜವಾದ್ದರಿಂದಲೇ ಕ್ರಮ ಬದಲಾಗಬೇಕು: ಲಸಿಕೆ ಮೊದಲು, ಎಲ್ಲ ಊರುಗಳಲ್ಲಿ, ಅಗಲವಾಗಿ. ಶಸ್ತ್ರಚಿಕಿತ್ಸೆ ಅದರ ಹಿಂದೆ, ಒಂದೊಂದೇ ಊರುಗುಚ್ಛವನ್ನು ಪೂರ್ತಿ ಮುಗಿಸುತ್ತಾ. ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆಯಾದರೆ ರೇಬಿಸ್ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. 2030ರೊಳಗೆ ನಾಯಿಯಿಂದ ಬರುವ ರೇಬಿಸ್ ಅಳಿಸುವ ನಮ್ಮ ರಾಷ್ಟ್ರೀಯ ಯೋಜನೆ, 2021ರಲ್ಲಿ ಶುರುವಾದದ್ದು, ಇದೇ ಲೆಕ್ಕದ ಮೇಲೆ ನಿಂತಿದೆ. ಗೋವೆಯಲ್ಲಿ ಮನೆ-ಬೀದಿ ಸುತ್ತಿ ಲಸಿಕೆ ಹಾಕಿದರು, ಶಾಲೆಗಳಲ್ಲಿ ತಿಳಿಹೇಳಿದರು, ಸಂಶಯದ ನಾಯಿಯ ಬಗ್ಗೆ ದೂರು ಬಂದ ಕೂಡಲೇ ಹೋದರು. 2022ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿ ನಾಯಿಗಳ ರೇಬಿಸ್ ಪ್ರಕರಣ ಶೇ. 92ರಷ್ಟು ಇಳಿಯಿತು, 2017ರ ನಂತರ ಅಧ್ಯಯನದ ಅವಧಿಯುದ್ದಕ್ಕೂ ಮನುಷ್ಯರ ಸಾವು ಇಲ್ಲವಾಯಿತು. ಗೋವೆ ಚಿಕ್ಕದು ಎನ್ನುವವರಿಗೆ ಒಂದು ಲೆಕ್ಕ: ಗೋವೆ 3702 ಚದರ ಕಿಲೋಮೀಟರು. ಲಾತೂರ ಜಿಲ್ಲೆ ಹತ್ತು ತಾಲ್ಲೂಕು ಸೇರಿ 7157. ಐದಾರು ತಾಲ್ಲೂಕು ಕೂಡಿದರೆ ಒಂದು ಗೋವೆಯಾಗುತ್ತದೆ. ಉದಗೀರದಲ್ಲಿ ಒಂದು, ಬೀದರಿನಲ್ಲಿ ಒಂದು ಪಶುವೈದ್ಯ ಕಾಲೇಜಿದೆ. ಇಷ್ಟು ಹತ್ತಿರದಲ್ಲಿ ಎರಡು ಕಾಲೇಜುಗಳ ಕೈಬಲ ಸಿಗುವ ಗ್ರಾಮೀಣ ಸೀಮೆಗಳು ದೇಶದಲ್ಲಿ ಹೆಚ್ಚಿಲ್ಲ.

ಉಳಿದದ್ದು ಗಡಿ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಜನರ ಮದುವೆ, ಸಂತೆ, ದನದ ವ್ಯಾಪಾರ ಇಂದಿಗೂ ಆ ಹಳೆಯ ನಕ್ಷೆಯಂತೆಯೇ ನಡೆಯುತ್ತವೆ, ನಾಯಿಗಳೂ ಆ ಗೆರೆಯನ್ನು ಅರಿಯವು. ಆದರೆ ಲಸಿಕೆಯ ಪಟ್ಟಿ, ಕಚ್ಚಿದವರ ದಾಖಲೆ, ಸತ್ತ ಪ್ರಾಣಿಯ ಪರೀಕ್ಷೆ ಎಲ್ಲವೂ ಗೆರೆಯ ಬಳಿ ನಿಲ್ಲುತ್ತವೆ. ನಿಲಂಗಾ ಲಸಿಕೆ ಹಾಕಿದ ವರ್ಷ ಭಾಲ್ಕಿ ಹಾಕದಿದ್ದರೆ ಆ ಕೆಲಸದ ಅರ್ಧ ನೀರಿನಲ್ಲಿ ಹೋಮ. ವಿಶ್ವ ರೇಬಿಸ್ ದಿನವಾದ ಸೆಪ್ಟೆಂಬರ್ 28ಕ್ಕೆ ಶಿಬಿರ ಮಾಡುವುದು ರೂಢಿ, ಆದರೆ ಆಗ ಇಲ್ಲಿ ಸೋಯಾಬೀನ್ ಕಟಾವಿನ ದಿನ, ಮನೆಯಲ್ಲಿ ಯಾರೂ ಇರುವುದಿಲ್ಲ. ಅದರ ಬದಲು ಮಾರ್ಗಶಿರ ಮಾಸದಲ್ಲಿ ಖಂಡೋಬನ ಚಂಪಾಷಷ್ಠಿಯಿಂದ ಎಳ್ಳಮಾವಾಸ್ಯೆಯವರೆಗಿನ ಸುಮಾರು ಇಪ್ಪತ್ತನಾಲ್ಕು ದಿನಗಳನ್ನು ಗೊತ್ತುಮಾಡಿಕೊಳ್ಳೋಣ. ಷಷ್ಠಿಯ ಜಾತ್ರೆಯಲ್ಲಿ ಡಂಗುರ ಸಾರಬಹುದು. ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಇಡೀ ಮನೆತನ ಹೊಲಕ್ಕೆ ಹೋಗುತ್ತದೆ, ಹೊಲದ ನಾಯಿ ತನ್ನವರ ಕೈಗೆ ಸಿಗುವ ದಿನ ಅದು. ಲಸಿಕೆಯಾದ ನಾಯಿಗೆ ಹಚ್ಚುವ ಬಣ್ಣ ಎರಡೂ ರಾಜ್ಯಗಳಲ್ಲಿ ಒಂದೇ ಇರಲಿ, ಎಣಿಕೆಯ ನಮೂನೆ ಮರಾಠಿ, ಕನ್ನಡ ಎರಡರಲ್ಲೂ ಅಚ್ಚಾಗಲಿ. ಪ್ರತಿ ಪಂಚಾಯಿತಿ ಆ ತಿಂಗಳಿಗೆ ಮುನ್ನ ಕಳೇಬರದ ಗುಂಡಿಗೆ ಬೇಲಿಯುಳ್ಳ ಜಾಗವನ್ನು ಠರಾವಿನಲ್ಲಿ ಗುರುತಿಸಲಿ. ಇಂದಿನ ಗೋಷ್ಠಿಗಳು ಈ ದಿನಾಂಕ, ಈ ಬಣ್ಣ, ಈ ನಮೂನೆಗಳನ್ನು ಸಂಜೆಯೊಳಗೆ ಬರೆದು ಗಡಿಯ ಎರಡೂ ಕಡೆಯ ಜಿಲ್ಲಾಡಳಿತಗಳ ಕೈಗೆ ಕೊಡಬೇಕೆಂದು ಕೋರುತ್ತಾ, ಸಂಕಿರಣವನ್ನು ನಿಮ್ಮ ಚರ್ಚೆಗೆ ತೆರೆದಿಡುತ್ತಿದ್ದೇನೆ.