ಹಿತ್ತಿಲಿನ ಸಾಕುಪ್ರಾಣಿಗಳೂ ಬಿಡುವಿನ ಕೆಲಸಗಳೂ
(ರೈತರ ಕೂಟಕ್ಕಾಗಿ ಬರೆದ ಉಪನ್ಯಾಸ)



ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರೆಂದು ಅವಸರಗಾರರನ್ನು ಹಾಸ್ಯಮಾಡುವ ಗಾದೆಯು ಎಲ್ಲರಿಗೂ ತಿಳಿದದ್ದೇ. ಮನುಷ್ಯರ ಕೂಸಿನ ಮಾತು ಹೇಗಾದರೂ ಇರಲಿ; ಸಾಕುಪ್ರಾಣಿಗಳ ವಿಷಯದಲ್ಲಿ ಮಾತ್ರ ಕುಲಾವಿಯೇ ಮೊದಲಾಗತಕ್ಕದ್ದು. ನಾಯಿ ಬರುವ ಮುಂಚೆ ಅದನ್ನು ಕಟ್ಟುವ ಜಾಗ, ಕೋಳಿ ಬರುವ ಮುಂಚೆ ಗೂಡು, ಹಸು ಬರುವ ಮುಂಚೆ ಗೊಬ್ಬರದ ಗುಂಡಿ, ಇವು ಸಿದ್ಧವಾಗಿರಬೇಕು. ಈ ಉಪನ್ಯಾಸದ ಸಾರಾಂಶವೆಲ್ಲ ಇಷ್ಟೆ.

ಅನೇಕ ಒಕ್ಕಲುಮನೆಗಳಲ್ಲಿ ನಡೆಯುವುದು ಇದಕ್ಕೆ ವಿರೋಧವಾಗಿ. ಮಕ್ಕಳು ಬೀದಿಯಿಂದ ನಾಯಿಮರಿಯನ್ನು ಎತ್ತಿಕೊಂಡು ಬರುತ್ತಾರೆ. ಸಂತೆಗೆ ಹೋದ ಯಜಮಾನನು ಅಗ್ಗವಾಗಿ ಸಿಕ್ಕಿತೆಂದು ನಾಲ್ಕು ಕೋಳಿಗಳ ಕಾಲು ಕಟ್ಟಿಸಿಕೊಂಡು ಬರುತ್ತಾನೆ. ಸೊಸೆಯ ತವರಿನಿಂದ ಕರುವೊಂದು ಬರುತ್ತದೆ. ಮನೆ ತುಂಬಿತೆಂದು ಎಲ್ಲರಿಗೂ ಸಂತೋಷ. ಮೂರು ತಿಂಗಳಾಗುವಷ್ಟರಲ್ಲಿ ಎರಡು ಕೋಳಿಗಳನ್ನು ಕಾಡುಬೆಕ್ಕು ಒಯ್ದಿರುತ್ತದೆ, ಉಳಿದೆರಡು ನೆರೆಯವರ ಸೊಪ್ಪಿನ ಮಡಿಯನ್ನು ಕೆದಕಿ ಜಗಳವನ್ನು ತಂದಿರುತ್ತವೆ, ಮರಿಯು ಬೀದಿನಾಯಿಯಾಗಿರುತ್ತದೆ, ಕರುವಿನ ಗಂಜಲವು ಅಂಗಳದಲ್ಲಿ ಹರಿದು ನೊಣಗಳನ್ನು ಕರೆದಿರುತ್ತದೆ. ಪ್ರಾಣಿ ಸಾಕುವುದು ನಷ್ಟದ ಬಾಬತ್ತೆಂದು ಯಜಮಾನನು ಬೇಸರಪಡುತ್ತಾನೆ. ಆದರೆ ಇದರಲ್ಲಿ ಪ್ರಾಣಿಗಳ ತಪ್ಪೇನೂ ಇಲ್ಲ. ಅವು ಬಂದವು, ಅವುಗಳಿಗಾಗಿ ಮಾಡಬೇಕಾದ ಕೆಲಸ ಮಾತ್ರ ಆಗಲಿಲ್ಲ.

ಈ ಕೆಲಸಗಳಿಗೆ ಹೆಚ್ಚು ಹಣ ಬೇಕಿಲ್ಲ. ಮಳೆಯನ್ನೇ ನಂಬಿದ ಬಯಲುಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಮುಂಗಾರು ಹಿಡಿಯುವವರೆಗೂ ಕೈಗೆ ಬಿಡುವು ಇರುತ್ತದೆ. ಬಿದಿರು, ಹೊಂಗೆಯ ಗಳು, ತೆಂಗಿನ ಗರಿ, ಕೆಮ್ಮಣ್ಣು, ಇವು ಊರಿನಲ್ಲಿಯೇ ದೊರೆಯುತ್ತವೆ.

ನಾಯಿ

ಎಲ್ಲಕ್ಕಿಂತ ಮೊದಲು ನಾಯಿಯ ಮಾತನ್ನು ಹೇಳಬೇಕು. ಕೋಳಿ ಸತ್ತರೆ ಹೋಗುವುದು ಹಣ. ನಾಯಿಯ ವಿಷಯದಲ್ಲಿ ಅಜಾಗ್ರತೆ ಮಾಡಿದರೆ ಹೋಗುವುದು ಮಗುವಿನ ಪ್ರಾಣ. ಹುಚ್ಚುನಾಯಿಯ ರೋಗವು ಮನುಷ್ಯನಲ್ಲಿ ಒಂದು ಸಲ ತಲೆದೋರಿದ ಮೇಲೆ ಅದನ್ನು ಗುಣಪಡಿಸುವ ಔಷಧವು ಇಲ್ಲವೆಂದೇ ಹೇಳಬೇಕು. ಆದರೆ ಅದು ತಲೆದೋರದಂತೆ ತಡೆಯುವುದು ಸಾಧ್ಯ. ಪಾಸ್ತರ್ ಮಹಾಶಯನು ೧೮೮೫ರಲ್ಲಿ ಇದನ್ನು ತೋರಿಸಿಕೊಟ್ಟನು. ದಕ್ಷಿಣ ಇಂಡಿಯಾದಲ್ಲಿ ೧೯೦೭ರಲ್ಲಿ ಕೂನೂರಿನಲ್ಲಿ ಅವನ ಹೆಸರಿನ ಸಂಸ್ಥೆಯು ಏರ್ಪಟ್ಟಿತು.

ಮರಿಗೆ ಮೂರು ತಿಂಗಳು ತುಂಬಿದಾಗ ಪಶುವೈದ್ಯಶಾಲೆಯಲ್ಲಿ ಮೊದಲ ಸೂಜಿಮದ್ದನ್ನು ಹಾಕಿಸತಕ್ಕದ್ದು. ಅನಂತರ ವೈದ್ಯರು ಹೇಳಿದಂತೆ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಂದಾವೃತ್ತಿ ಹಾಕಿಸಬೇಕು. ಯುಗಾದಿಯ ದಿನವನ್ನು ಗುರುತಿಟ್ಟುಕೊಂಡರೆ ಮರೆಯುವ ಭಯವಿಲ್ಲ. ಜಗಲಿಯ ಮಗ್ಗುಲಲ್ಲಿ ನೆರಳಿರುವ ಕಡೆ ಒಂದು ಗೂಟ, ಎರಡು ಮಾರು ಸರಪಳಿ, ನೀರಿನ ಮಣ್ಣಿನ ಬಾನಿ, ಇಷ್ಟಿದ್ದರೆ ಹಗಲು ಕಟ್ಟಿ ರಾತ್ರಿ ಹಿತ್ತಿಲಿಗೆ ಬಿಡಬಹುದು. ಹಿತ್ತಿಲಿಗೆ ಕಳ್ಳಿಯದಾಗಲಿ ಮುಳ್ಳಿನದಾಗಲಿ ಬೇಲಿ ಇರಬೇಕು.

ಹುಚ್ಚು ಹಿಡಿದ ನಾಯಿಯೆಲ್ಲ ಓಡಾಡಿ ಕಚ್ಚುವುದೆಂದು ತಿಳಿಯಬಾರದು. ಕೆಲವು ಮೂಲೆ ಸೇರಿ ಸುಮ್ಮನೆ ಬಿದ್ದಿರುತ್ತವೆ. ಕೆಳದವಡೆ ಜೋತು ಜೊಲ್ಲು ಸುರಿಯುತ್ತಿರುತ್ತದೆ. ಗಂಟಲಿಗೆ ಮೂಳೆ ಸಿಕ್ಕಿತೆಂದು ಮರುಕದಿಂದ ಬಾಯೊಳಗೆ ಕೈಹಾಕಿದವರು ಅಪಾಯಕ್ಕೆ ಒಳಗಾಗುತ್ತಾರೆ. ಹುಚ್ಚುನಾಯಿ ಕಚ್ಚಿದ ಹಸುವಿನಲ್ಲಿಯೂ ಇದೇ ಲಕ್ಷಣ ಕಾಣಬಹುದು. ಅಂಥ ಬಾಯಿಗೆ ಬರಿಗೈ ಹಾಕಲೇಕೂಡದು.

ನಾಯಿ ಕಚ್ಚಿದ ಕೂಡಲೆ ಗಾಯವನ್ನು ಸಾಬೂನು ಹಚ್ಚಿ, ಧಾರೆಯಾಗಿ ನೀರು ಬಿಟ್ಟು, ಕಾಲುಗಂಟೆಯ ಕಾಲ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ, ಇವೊಂದನ್ನೂ ಹಚ್ಚಕೂಡದು, ಬಿಗಿಯಾಗಿ ಕಟ್ಟಲೂಕೂಡದು. ಆ ದಿನವೇ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಂದು ಒಂದನ್ನೂ ತಪ್ಪಿಸದೆ ಸೂಜಿಮದ್ದು ಹಾಕಿಸಿಕೊಳ್ಳಬೇಕು. ಹೊಟ್ಟೆಗೆ ಹಾಕುತ್ತಿದ್ದ ಹಳೆಯ ಮದ್ದು ೨೦೦೫ರ ಹೊತ್ತಿಗೆ ಬಳಕೆಯಿಂದ ಹೋಯಿತು. ಆ ಭಯದಿಂದ ಈಗ ಹಿಂಜರಿಯಬೇಕಾದ್ದಿಲ್ಲ. ಇನ್ನೊಂದು ಮಾತು ಮುಖ್ಯವಾದದ್ದು. ಬೈಗುಳಕ್ಕೆ ಹೆದರಿ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುವುದುಂಟು. ಕಚ್ಚಿದರೂ ಪರಚಿದರೂ ಒಡನೆ ಹೇಳಬೇಕು, ಹೇಳಿದವರನ್ನು ಯಾರೂ ಗದರಿಸುವುದಿಲ್ಲ ಎಂಬುದು ಮಕ್ಕಳ ಮನಸ್ಸಿನಲ್ಲಿ ನೆಲೆಸುವಂತೆ ತಾಯಿತಂದೆಗಳು ನಡೆದುಕೊಳ್ಳಬೇಕು.

ಕೋಳಿ

ಮಂಕರಿಯಡಿ ಕವುಚಿ ಹಾಕುವ ಪದ್ಧತಿಯು ಎರಡು ಮೂರು ಕೋಳಿಗಳಿಗೆ ಸಾಕು, ಹತ್ತಕ್ಕೆ ಸಾಲದು. ನೆಲದಿಂದ ಎರಡು ಅಡಿ ಎತ್ತರದಲ್ಲಿ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಗೂಡನ್ನು ಕಟ್ಟಿದರೆ ಹನ್ನೆರಡು ನಾಟಿಕೋಳಿಗಳು ರಾತ್ರಿ ತಂಗಬಹುದು. ತಳಕ್ಕೆ ಬಿದಿರಿನ ದಬ್ಬೆಗಳನ್ನು ಬೆರಳಗಲ ಸಂದು ಬಿಟ್ಟು ಹಾಸಿದರೆ ಹಿಕ್ಕೆ ಕೆಳಗೆ ಬಿದ್ದು ಗೂಡು ಒಣಗಿರುತ್ತದೆ. ಒಳಗೆ ಎರಡು ಗಳುಗಳನ್ನು ಒಂದೇ ಎತ್ತರದಲ್ಲಿ ಕೂರಿಸಬೇಕು. ಎತ್ತರ ಬೇರೆಬೇರೆಯಾದರೆ ಮೇಲಿನದಕ್ಕಾಗಿ ಕೋಳಿಗಳು ಪ್ರತಿಸಂಜೆಯೂ ಕಾದಾಡುತ್ತವೆ. ಬಾಗಿಲಿಗೆ ಅಗುಳಿ ಭದ್ರವಾಗಿರಲಿ. ಮೂಲೆಯಲ್ಲಿ ಬೂದಿ ಬೆರೆತ ಮಣ್ಣಿನ ಗುಳಿಯೊಂದಿದ್ದರೆ ಅವೇ ಹೊರಳಾಡಿ ಹೇನನ್ನು ಕಳೆದುಕೊಳ್ಳುತ್ತವೆ.

ಕಾವಿಗೆ ಕೂತ ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. ಏಳನೆಯ ರಾತ್ರಿ ದೀಪದ ಎದುರಿಗೆ ಹಿಡಿದು ನೋಡಬೇಕು. ಕೆಂಪು ನರಗಳು ಜೇಡರಬಲೆಯಂತೆ ಹಬ್ಬಿದ್ದರೆ ಮರಿಯುಂಟು, ತಿಳಿಯಾಗಿದ್ದರೆ ತೆಗೆದುಬಿಡಬೇಕು. ಇಪ್ಪತ್ತೊಂದನೆಯ ದಿನ ಮರಿಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದೇ ವಾರದಲ್ಲಿ ಗೂಡನ್ನು ಬರಿದುಮಾಡಬಲ್ಲ ಶತ್ರು ಕೊಕ್ಕರೆ ರೋಗ. ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ೧೯೨೦ರ ದಶಕದ ಕೊನೆಯಲ್ಲಿ ಗುರುತಿಸಲ್ಪಟ್ಟದ್ದರಿಂದ ಇದಕ್ಕೆ ರಾಣಿಖೇತ ರೋಗವೆಂದೂ ಹೆಸರು. ಬಾಯಿ ತೆರೆದು ಏದುವುದು, ಹಸಿರುಬಣ್ಣದ ಭೇದಿ, ಕತ್ತು ತಿರುಚುವುದು, ಇವು ಲಕ್ಷಣಗಳು. ಬಂದ ಮೇಲೆ ಮದ್ದಿಲ್ಲ. ಸತ್ತದ್ದನ್ನು ಆಳವಾಗಿ ಹೂಳಬೇಕು, ಉಳಿದದ್ದನ್ನು ಸಂತೆಗೆ ಸಾಗಿಸಿ ರೋಗವನ್ನು ಊರೂರಿಗೆ ಹಂಚಕೂಡದು. ಬರುವ ಮುಂಚೆ ಮಾತ್ರ ತಡೆಯುಂಟು. ಮರಿಗೆ ಮೊದಲನೆಯ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಸುಮಾರು ಎಂಟನೆಯ ವಾರದಲ್ಲಿ ಸೂಜಿಮದ್ದು. ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗೆ ಸಾಲುವಷ್ಟು ಮದ್ದಿರುತ್ತದೆ. ತೆರೆದ ಮೇಲೆ ನಾಳೆಗೆ ಇಡುವಂತಿಲ್ಲ. ಆದಕಾರಣ ಇದು ಒಂದು ಮನೆಯ ಕೆಲಸವಲ್ಲ. ಬೀದಿಯ ಹೆಂಗಸರೆಲ್ಲ ಕೂಡಿ ಒಂದು ದಿನವನ್ನು ಗೊತ್ತುಮಾಡಿಕೊಂಡರೆ ಎಲ್ಲರ ಗೂಡುಗಳೂ ಉಳಿಯುತ್ತವೆ.

ಹಸು ಮತ್ತು ಗುಂಡಿ

ಹಸುವಿನಿಂದ ಹಾಲೊಂದೇ ಲಾಭವೆಂದು ಎಣಿಸುವವನು ಅರ್ಧ ಲೆಕ್ಕವನ್ನು ಮರೆತವನು. ಸಗಣಿ ಗಂಜಲಗಳಲ್ಲಿ ಬರುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟು ಗಂಜಲದಲ್ಲಿಯೇ ಇರುತ್ತದೆ. ಅದು ನೆಲಕ್ಕೆ ಇಂಗಿ ಹೋಗುತ್ತದೆ. ಸಗಣಿಯನ್ನು ಬೆರಣಿ ತಟ್ಟಿ ಉರಿಸಿದರೆ ಅದರ ಸಾರಜನಕವೂ ಹೊಗೆಯೊಡನೆ ಹೋಗುತ್ತದೆ.

ಕೊಟ್ಟಿಗೆಯ ನೆಲವನ್ನು ಹಿಂದಕ್ಕೆ ಇಳಿಜಾರು ಮಾಡಿ, ಕೊನೆಗೊಂದು ಕಾಲುವೆ ತೆಗೆದು, ತುದಿಯಲ್ಲಿ ಒಂದು ಬಾನಿಯನ್ನು ಹೂಳತಕ್ಕದ್ದು. ನೀರು ನಿಲ್ಲದ ಎತ್ತರದ ಜಾಗದಲ್ಲಿ, ಹೊಂಗೆಯ ನೆರಳಿದ್ದರೆ ಅದರಡಿಯಲ್ಲಿ, ಮೂರು ಅಡಿ ಆಳ, ಆರು ಅಡಿ ಅಗಲ, ಹತ್ತು ಹನ್ನೆರಡು ಅಡಿ ಉದ್ದದ ಗುಂಡಿ ತೋಡಬೇಕು. ಮಳೆನೀರು ನುಗ್ಗದಂತೆ ಸುತ್ತಲೂ ಮಣ್ಣಿನ ಕಟ್ಟೆಯನ್ನು ಹಾಕಬೇಕು. ಕಸ, ಎಲೆ, ಮೇವಿನ ಉಳಿಕೆ ಒಂದು ಪದರ, ಮೇಲೆ ಸಗಣಿ, ಅದರ ಮೇಲೆ ಗಂಜಲ ಹೀರಿದ ಮಣ್ಣು. ಹೀಗೆ ನೆಲಕ್ಕಿಂತ ಒಂದೂವರೆ ಅಡಿ ಮೇಲಕ್ಕೆ ಬಂದಾಗ ಕೆಸರಿನಿಂದ ಮೆತ್ತಿ ಮುಚ್ಚಿದರೆ ಆರೇಳು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಮೆತ್ತಿ ಮುಚ್ಚುವ ಈ ಕ್ರಮವನ್ನು ೧೯೩೦ರ ದಶಕದ ಕೊನೆಯಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ರೂಪಿಸಿದರು. ಹೊರದೇಶಗಳಲ್ಲಿಯೂ ಅದಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು. ಮೆತ್ತಿದ ಗುಂಡಿಯನ್ನು ಕೋಳಿ ಕೆದಕದಂತೆ ಮುಳ್ಳು ಹೊದಿಸಬೇಕು.

ಬೆಕ್ಕು

ಬೆಕ್ಕಿಗೆ ಬೇಕಾದ ಕೆಲಸ ಅಲ್ಪ. ಉಪವಾಸ ಹಾಕಿದರೆ ಇಲಿ ಹಿಡಿಯುತ್ತದೆಂಬುದು ತಪ್ಪು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ, ಹಸಿದದ್ದು ನೆರೆಮನೆಯ ಹಾಲಿಗೆ ಹೋಗುತ್ತದೆ. ಕಣಜದ ಕೋಣೆಯ ಬಾಗಿಲಿನಲ್ಲಿ ಅದು ನುಸುಳುವಷ್ಟು ಕಂಡಿಯನ್ನು ಬಿಟ್ಟರೆ ಸಾಕು. ಇಲಿಪಾಷಾಣ ಇಟ್ಟ ದಿನಗಳಲ್ಲಿ ಬೆಕ್ಕು ನಾಯಿಗಳನ್ನು ಹೊರಕ್ಕೆ ಬಿಡದೆ, ಸತ್ತ ಇಲಿಗಳನ್ನು ಹೂಳಬೇಕು.

ಕೆಲಸಗಳ ಕ್ರಮ

ಎಲ್ಲವನ್ನೂ ಒಂದೇ ವರ್ಷದಲ್ಲಿ ಹೊತ್ತುಕೊಳ್ಳುವ ಅಗತ್ಯವಿಲ್ಲ. ಸಂಕ್ರಾಂತಿಯ ಮೇಲೆ ಗುಂಡಿ, ಶಿವರಾತ್ರಿಯ ಮೇಲೆ ಗೂಡು, ಯುಗಾದಿಗೆ ನಾಯಿಯ ಸೂಜಿಮದ್ದು, ಮುಂಗಾರಿಗೆ ಮುಂಚೆ ಬೇಲಿ. ಮನೆಯ ಮಕ್ಕಳಿಗೂ ಇದರಲ್ಲಿ ಪಾಲಿರಲಿ. ಒಬ್ಬನಿಗೆ ಬಾನಿಗೆ ನೀರು ತುಂಬುವ ಕೆಲಸ, ಒಬ್ಬಳಿಗೆ ಸಂಜೆ ಕೋಳಿಗಳನ್ನು ಎಣಿಸಿ ಅಗುಳಿ ಹಾಕುವ ಕೆಲಸ. ತನ್ನ ಕೈಯಿಂದ ನೀರು ಕುಡಿದ ಪ್ರಾಣಿ ಒಂದು ದಿನ ಮಂಕಾಗಿದ್ದರೆ ಅದನ್ನು ಮೊದಲು ಕಾಣುವುದು ಆ ಮಗುವಿನ ಕಣ್ಣು. ಅದನ್ನು ಕೇಳಿ ಹಿರಿಯರು ಆ ದಿನವೇ ಎಚ್ಚರಗೊಂಡರೆ ಎಷ್ಟೋ ನಷ್ಟ ತಪ್ಪುತ್ತದೆ.

ಮುಂದಿನ ಸಂತೆಯಲ್ಲಿ ಕೋಳಿಯ ಬೆಲೆಯನ್ನು ಕೇಳುವ ಮುಂಚೆ ಪ್ರತಿಯೊಬ್ಬ ರೈತನೂ ಹಿತ್ತಿಲಿಗೆ ಹೋಗಿ ಗೂಡು ಎಲ್ಲಿದೆಯೆಂದು ನೋಡಲಿ. ಇದ್ದರೆ ಕೊಳ್ಳಲಿ. ಇಲ್ಲದಿದ್ದರೆ ಆ ಹಣದಲ್ಲಿ ಮೊದಲು ಬಿದಿರು ತರಲಿ.